ತಕ್ಕಡಿಗೆ ಸಿಕ್ಕದ ಸಂಗತಿ

ನಮ್ಮ ಭಾಷೆಯಲ್ಲಿ 'ಕೊಬ್ಬು' ಎಂಬ ಮಾತಿಗೆ ಎರಡು ಅರ್ಥ. ಒಂದು ಮೈಯೊಳಗಿನ ಮೇದಸ್ಸು, ಇನ್ನೊಂದು ಸೊಕ್ಕು. ಎರಡೂ ನೋಡಿದ ಕೂಡಲೇ ತಿಳಿಯುವಂಥವು ಎಂಬುದು ನಮ್ಮ ನಂಬಿಕೆ. ಈ ನಂಬಿಕೆಯೇ ನನ್ನ ಅಣ್ಣನಿಗೆ ಮುಳುವಾಯಿತು. ಅವನು ಹಳ್ಳಿಯ ಶಾಲೆಯ ಮೇಷ್ಟರು, ಕಡ್ಡಿಯಂಥ ಕೈಕಾಲು. ಐವತ್ತು ದಾಟಿದ ಮೇಲೆ ಹೊಟ್ಟೆ ತುಸು ಮುಂದೆ ಬಂದಿತ್ತು, ಅಷ್ಟೆ. "ನಿಮ್ಮಂಥ ಸಣಕಲು ಮೈಗೆ ಎಲ್ಲಿಯ ರಕ್ತದೊತ್ತಡ, ಮೇಷ್ಟ್ರೆ!" ಎಂದು ವೈದ್ಯರು ನಕ್ಕು ಕಳಿಸುತ್ತಿದ್ದರು. ಅವನ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ದು 1998ರಲ್ಲಿ, ಪಾರ್ಶ್ವವಾಯು ಬಡಿದ ಮೇಲೆ. ಆ ಬಲಗೈ ಮತ್ತೆ ಸೀಮೆಸುಣ್ಣ ಹಿಡಿಯಲಿಲ್ಲ.

ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೂ ಆ ನಗೆಯ ಮೂಲವನ್ನು ಹುಡುಕುತ್ತ ಹಳೆಯ ಪುಸ್ತಕಗಳ ಬಾಗಿಲು ತಟ್ಟಿದೆ.

ಚರಕಸಂಹಿತೆ ಅತಿಸ್ಥೂಲನನ್ನೂ ಅತಿಕೃಶನನ್ನೂ ಒಟ್ಟಿಗೇ ನಿಂದಿತರ ಸಾಲಿಗೆ ಸೇರಿಸುತ್ತದೆ. ಆದರೆ ಅಲ್ಲಿ ಅಳತೆಗೋಲು ಕಣ್ಣು. ನೆತ್ತರಿನ ಒತ್ತಡವನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯೊಂದರ ಧಮನಿಗೆ ಅವನು ಗಾಜಿನ ಕೊಳವೆ ಜೋಡಿಸಿದಾಗ ನೆತ್ತರು 8 ಅಡಿ 3 ಅಂಗುಲ ಮೇಲೇರಿತು. ಈ ವೃತ್ತಾಂತ ಅಚ್ಚಾದದ್ದು 1733ರಲ್ಲಿ. ಮನುಷ್ಯನಿಗೆ ನೋವಿಲ್ಲದಂತೆ ತೋಳಿಗೆ ಪಟ್ಟಿ ಕಟ್ಟುವ ಸಾಧನವನ್ನು ಇಟಲಿಯ ರೀವಾ-ರೋಚಿ 1896ರಲ್ಲಿ ಕೊಟ್ಟ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಅದಕ್ಕೆ ಸ್ಟೆತಾಸ್ಕೋಪಿನ ಕಿವಿ ಕೊಟ್ಟ.

ಇತ್ತ ಮೈಯ ಅಳತೆಯ ಕಥೆ ಬೇರೆಯೇ ದಾರಿಯಲ್ಲಿ ನಡೆಯಿತು. ಬೆಳೆದವರ ತೂಕ ಸುಮಾರಾಗಿ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು 1830ರ ದಶಕದಲ್ಲಿ ಬೆಲ್ಜಿಯಂನ ಕೆಟ್ಲೆ ಕಂಡುಕೊಂಡ. ಅವನು ಹುಡುಕುತ್ತಿದ್ದುದು ರೋಗವನ್ನಲ್ಲ, 'ಸರಾಸರಿ ಮನುಷ್ಯ'ನನ್ನು. ಅದೇ ಲೆಕ್ಕಕ್ಕೆ 1972ರಲ್ಲಿ ಆನ್ಸೆಲ್ ಕೀಸ್ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟ. ಅಷ್ಟರಲ್ಲಿ ಜೀವವಿಮೆಯ ಕಡತಗಳೂ 1948ರಲ್ಲಿ ಮೊದಲಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನವೂ ಎರಡು ದಾರಿಗಳನ್ನು ಕೂಡಿಸಿದ್ದವು: ತೂಕ ಏರಿದಂತೆ ಒತ್ತಡವೂ ಏರುವುದು ಸಾಮಾನ್ಯ.

ಇದು ನಿಜ, ಆದರೆ ಅರ್ಧ ನಿಜ. ತಕ್ಕಡಿಗೆ ಮಾಂಸವೂ ಒಂದೇ, ಕೊಬ್ಬೂ ಒಂದೇ. 1942ರಲ್ಲಿ ಅಮೆರಿಕದ ನೌಕಾವೈದ್ಯ ಬೆಂಕೆ ಫುಟ್‌ಬಾಲ್ ಆಟಗಾರರನ್ನು ಆರ್ಕಿಮಿಡೀಸನ ರೀತಿಯಲ್ಲಿ ನೀರೊಳಗೆ ತೂಗಿ ನೋಡಿದ. ಪಟ್ಟಿಯ ಪ್ರಕಾರ ಅತಿಭಾರದವರೆನಿಸಿದ್ದ ಅನೇಕರಲ್ಲಿ ಇದ್ದದ್ದು ಸ್ನಾಯು, ಕೊಬ್ಬಲ್ಲ. 1947ರಲ್ಲಿ ಫ್ರಾನ್ಸಿನ ಜಾನ್ ವಾಗ್, ಕೊಬ್ಬು ಎಲ್ಲಿ ಕೂಡುತ್ತದೆಂಬುದೂ ಮುಖ್ಯ ಎಂದ. ತೊಡೆಯ ಕೊಬ್ಬಿಗಿಂತ ಹೊಟ್ಟೆಯೊಳಗಿನದು ಅಪಾಯಕರ. ಅದು ಸುಮ್ಮನೆ ಬಿದ್ದಿರುವ ಮೂಟೆಯಲ್ಲ: ರಕ್ತನಾಳಗಳನ್ನು ಬಿಗಿಸುವ ದ್ರವ್ಯಗಳ ಹುಟ್ಟಿಗೆ ನೆರವಾಗುತ್ತದೆ, ಮೂತ್ರಪಿಂಡಗಳನ್ನು ಒತ್ತುತ್ತದೆ, ಉಪ್ಪು ಮೈಯಲ್ಲೇ ಉಳಿಯುವಂತೆ ಮಾಡುತ್ತದೆ.

ನಮ್ಮವರ ಪಾಲಿಗೆ ಇದರ ಅರ್ಥವೇನೆಂದು 2004ರಲ್ಲಿ ಅಚ್ಚಾದ ಒಂದು ಚಿತ್ರ ಹೇಳಿತು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರು, ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ನರು ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಸೂಚ್ಯಂಕವೂ 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಆ ಚಿತ್ರ ನೋಡಿದಾಗ ನನಗೆ ಅಣ್ಣನ ನೆನಪಾಯಿತು. ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಎಂದು ಕೆಳಗಿರಿಸಿರುವುದು ಇದಕ್ಕಾಗಿಯೇ.

ಅಣ್ಣನ ರಕ್ತದೊತ್ತಡಕ್ಕೆ ಹೊಟ್ಟೆಯೊಂದೇ ಕಾರಣವೆಂದು ನಾನು ಹೇಳಲಾರೆ. ವಯಸ್ಸಿದೆ, ವಂಶವಿದೆ, ಊಟದೆಲೆಯ ಉಪ್ಪಿದೆ. ನನ್ನ ದೂರು ಒಂದೇ: ತೆಳ್ಳಗಿದ್ದಾನೆಂದು ಅವನನ್ನು ಅಳೆಯದೆ ಬಿಟ್ಟರು. ಸ್ಥೂಲನನ್ನು ಹಂಗಿಸುವುದೂ ಕೃಶನನ್ನು ನಂಬಿ ಬಿಡುವುದೂ ಒಂದೇ ತಪ್ಪಿನ ಎರಡು ಮುಖ.

ನಾನೂ ಅಣ್ಣನಂತೆಯೇ ಸಣಕಲು. ತಿಂಗಳಿಗೊಮ್ಮೆ ವೈದ್ಯರ ಮುಂದೆ ಕುಳಿತು ತೋಳು ಚಾಚುತ್ತೇನೆ. "ನಿಮಗೇಕೆ ಸಾರ್?" ಎಂದು ಅವರು ಕೇಳಿದರೆ, "ನಮ್ಮಣ್ಣನಿಗೂ ಹೀಗೆಯೇ ಹೇಳಿದ್ದರು" ಎನ್ನುತ್ತೇನೆ.