ನಲವತ್ತಾರು ವರ್ಷ ತಡವಾದ ಕ್ಷಮೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದಕ್ಕೆ ಅಮೆರಿಕ ಕ್ಷಮೆ ಕೋರಿದ್ದು 1988ರಲ್ಲಿ. ಆ ವರ್ಷ ಆಗಸ್ಟ್ 10ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯ್ದೆ, ಬದುಕಿದ್ದ ಪ್ರತಿ ಸಂತ್ರಸ್ತರಿಗೂ 20,000 ಡಾಲರ್ ಪರಿಹಾರ ಗೊತ್ತುಮಾಡಿತು.

ಅನ್ಯಾಯ ಶುರುವಾದದ್ದು ಪರ್ಲ್ ಹಾರ್ಬರ್ ದಾಳಿಯಾದ ಎರಡೂವರೆ ತಿಂಗಳೊಳಗೆ. 1942ರ ಫೆಬ್ರವರಿ 19ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೊರಡಿಸಿದ 9066ನೇ ಆದೇಶದಲ್ಲಿ ಜಪಾನಿಯರ ಹೆಸರೇ ಇರಲಿಲ್ಲ. ಸೈನ್ಯ ಗುರುತಿಸಿದ ಪ್ರದೇಶದಿಂದ ಯಾರನ್ನು ಬೇಕಾದರೂ ಹೊರಹಾಕಬಹುದು ಎಂದಷ್ಟೇ ಅದು ಹೇಳಿತ್ತು. ಪಶ್ಚಿಮ ಕರಾವಳಿಯಲ್ಲಿ ಅದರ ಏಟು ಬಿದ್ದದ್ದು ಮಾತ್ರ ಜಪಾನಿ ಮೂಲದವರ ಮೇಲೆ. ಸುಮಾರು 1.2 ಲಕ್ಷ ಜನ ಮನೆಮಠ ಬಿಡಬೇಕಾಯಿತು; ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊರುವಷ್ಟು ಸಾಮಾನಿಗೆ ಮಾತ್ರ ಅನುಮತಿ. ಅಂಗಡಿ, ದೋಣಿ, ಮನೆಯ ಪಾತ್ರೆಪಗಡಗಳು ಸಿಕ್ಕಿದ ಬೆಲೆಗೆ ಬಿಕರಿಯಾದವು. ಲಾಸ್ ಏಂಜಲೀಸ್ ಬಳಿಯ ಸಾಂತಾ ಅನಿತಾ ರೇಸ್‌ಕೋರ್ಸಿನಲ್ಲಿ ಕುದುರೆಗಳನ್ನು ಖಾಲಿ ಮಾಡಿಸಿ, ಲಾಯಗಳಿಗೆ ಸುಣ್ಣ ಬಳಿದು ಸಂಸಾರಗಳನ್ನು ಇಳಿಸಲಾಯಿತು. ಲದ್ದಿಯ ನಾತ ಹೋಗಿರಲಿಲ್ಲ. ಅಲ್ಲಿಂದ ಮುಂದೆ ಮರುಭೂಮಿ, ಜೌಗುನೆಲಗಳಲ್ಲಿ ಕಟ್ಟಿದ ಹತ್ತು ಶಿಬಿರಗಳು: ಮುಳ್ಳುತಂತಿ, ಕಾವಲುಗೋಪುರ, ಸಾಲು ಸಾಲು ಮರದ ಬ್ಯಾರಕ್ಕುಗಳು. ಇಂಥ ಶಿಬಿರಗಳಿಂದಲೇ ಎಷ್ಟೋ ತರುಣರು ಸೈನ್ಯ ಸೇರಿ 442ನೇ ರೆಜಿಮೆಂಟಿನಲ್ಲಿ ಯುರೋಪಿನ ರಣರಂಗಕ್ಕೆ ಹೋದರು.

ಆದೇಶ ಧಿಕ್ಕರಿಸಿ ಶಿಕ್ಷೆಗೊಳಗಾದ ಫ್ರೆಡ್ ಕೊರೆಮಾತ್ಸು ಸುಪ್ರೀಂ ಕೋರ್ಟಿನವರೆಗೂ ಹೋದರು. 1944ರಲ್ಲಿ ಆರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು, ಮೂವರು ವಿರೋಧಿಸಿದರು. ಯುದ್ಧ ಮುಗಿದ ಮೇಲೆ, 1948ರ ಒಂದು ಕಾಯ್ದೆ ಆಸ್ತಿ ನಷ್ಟಕ್ಕೆ ಮಾತ್ರ ಒಂದಿಷ್ಟು ಹಣ ಕೊಟ್ಟಿತು. ಕಳೆದುಹೋದ ಸ್ವಾತಂತ್ರ್ಯದ ಲೆಕ್ಕ ಅದರಲ್ಲಿರಲಿಲ್ಲ.

1970ರ ದಶಕದಲ್ಲಿ ಸಂತ್ರಸ್ತರೂ ಅವರ ಮಕ್ಕಳೂ ಪರಿಹಾರದ ಕೂಗೆಬ್ಬಿಸಿದರು. 1980ರಲ್ಲಿ ನೇಮಕವಾದ ತನಿಖಾ ಆಯೋಗದ ಮುಂದೆ 750ಕ್ಕೂ ಹೆಚ್ಚು ಜನ ಸಾಕ್ಷ್ಯ ನುಡಿದರು. ಸ್ವಂತ ಮಕ್ಕಳಿಗೂ ಹೇಳದ ಸಂಗತಿಗಳನ್ನು ಕೆಲವರು ಅಲ್ಲಿ ಮೊದಲ ಬಾರಿ ಬಾಯಿಬಿಟ್ಟರು. ಪ್ರಕರಣದ ದಿಕ್ಕು ಬದಲಿಸಿದ್ದರಲ್ಲಿ ಒಂದು ಕಡತಕ್ಕೂ ಪಾಲಿದೆ. ತಾವೇ ಶಿಬಿರವಾಸ ಕಂಡಿದ್ದ ಐಕೊ ಹರ್ಜಿಗ್-ಯೊಶಿನಾಗಾ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ದಾಖಲೆ ಜಾಲಾಡುತ್ತಿದ್ದಾಗ, ಪಶ್ಚಿಮ ಕರಾವಳಿಯಲ್ಲಿ ಈ ತೆರವಿನ ಹೊಣೆ ಹೊತ್ತಿದ್ದ ಸೇನಾಧಿಕಾರಿ ಜನರಲ್ ಡಿವಿಟ್ ಅವರ ವರದಿಯ ಮೂಲಪ್ರತಿಯೊಂದು ಕೈಗೆ ಸಿಕ್ಕಿತು. ನಿಷ್ಠರನ್ನೂ ದ್ರೋಹಿಗಳನ್ನೂ ಬೇರ್ಪಡಿಸಲು ಸಮಯವಿರಲಿಲ್ಲ ಎನ್ನುವುದು ಸರ್ಕಾರದ ಸಮರ್ಥನೆಯಾಗಿತ್ತು. ಎಷ್ಟು ಸಮಯವಿದ್ದರೂ ಈ ಜನರನ್ನು ಹಾಗೆ ಬೇರ್ಪಡಿಸುವುದು ಸಾಧ್ಯವಿಲ್ಲ ಎನ್ನುವುದು ಮೂಲಪ್ರತಿಯ ಮಾತು. ಆ ಮಾತನ್ನು ತಿದ್ದಿ, ಹಳೆಯ ಪ್ರತಿಗಳನ್ನು ಸುಡಿಸಲಾಗಿತ್ತು, ಇದೊಂದು ಉಳಿದುಕೊಂಡಿತ್ತು. ಜನಾಂಗ ದ್ವೇಷ, ಯುದ್ಧೋನ್ಮಾದ, ರಾಜಕೀಯ ನಾಯಕತ್ವದ ವೈಫಲ್ಯ ಇವೇ ಬಂಧನದ ಕಾರಣ ಎಂದು ಆಯೋಗ ತೀರ್ಮಾನಿಸಿತು. 1983ರಲ್ಲಿ ಕೊರೆಮಾತ್ಸು ಅವರ ಶಿಕ್ಷೆಯೂ ರದ್ದಾಯಿತು.

ಹೀಗಾಗಿ 1988ರ ಕ್ಷಮೆಯನ್ನು ರೇಗನ್ ಅವರ ಔದಾರ್ಯವೆಂದು ಬಣ್ಣಿಸುವುದು ಪೂರ್ತಿ ಸರಿಯಲ್ಲ. ಖರ್ಚಿನ ನೆಪ ಹೇಳಿ ಅವರ ಸರ್ಕಾರ ಮೊದಲು ಇದನ್ನು ವಿರೋಧಿಸಿತ್ತು. ಸಹಿಯಾದ ಕೂಡಲೇ ಹಣವೂ ಬರಲಿಲ್ಲ. ಮೊದಲ ಚೆಕ್ಕುಗಳು ಹೊರಟಿದ್ದು 1990ರ ಅಕ್ಟೋಬರಿನಲ್ಲಿ, ಅತಿ ಹಿರಿಯರಿಂದ ಆರಂಭಿಸಿ, ಅಧ್ಯಕ್ಷ ಜಾರ್ಜ್ ಬುಷ್ ಸಹಿಯ ಕ್ಷಮಾಪತ್ರದೊಂದಿಗೆ. ಕೊನೆಗೆ 82,219 ಜನರಿಗೆ ಪರಿಹಾರ ಸಂದಿತು. ಕಾಯ್ದೆಗೆ ಸಹಿ ಬೀಳುವ ಮೊದಲೇ ತೀರಿಕೊಂಡವರ ಕುಟುಂಬಗಳಿಗೆ ಏನೂ ದಕ್ಕಲಿಲ್ಲ.

ಯುದ್ಧಕಾಲದಲ್ಲಿ ಪೆರು ಮೊದಲಾದ ಲ್ಯಾಟಿನ್ ಅಮೆರಿಕದ ದೇಶಗಳಿಂದ ಎಳೆದುತಂದು ಕೂಡಿಹಾಕಿದ್ದ ಎರಡು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು, ಅವರು ಅಮೆರಿಕದ ಪ್ರಜೆಗಳಾಗಲಿ ಕಾಯಂ ನಿವಾಸಿಗಳಾಗಲಿ ಅಲ್ಲವೆಂದು ಕಾಯ್ದೆ ಹೊರಗಿಟ್ಟಿತು. ಅವರು ಕೋರ್ಟಿಗೆ ಹೋದ ಮೇಲೆ 1998ರಲ್ಲಿ ರಾಜಿಯಾಯಿತು: ಕ್ಷಮಾಪತ್ರದ ಜೊತೆಗೆ ತಲಾ 5,000 ಡಾಲರ್, ಅಂದರೆ ಉಳಿದವರಿಗೆ ಸಿಕ್ಕಿದ್ದರ ಕಾಲುಭಾಗ.