ಕಡಲಿಗೆ ಬಾಗಿಲು ತೆರೆದವರು

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ನೆದರ್ಲೆಂಡ್ಸ್‌ನ ನೈಋತ್ಯ ಭಾಗದ ಒಡ್ಡುಗಳು ಒಡೆದವು. ಆ ದೇಶವೊಂದರಲ್ಲೇ 1,836 ಜನ ಸತ್ತರು. ಕರಾವಳಿಯ ಊರುಗಳನ್ನು ನೀರಿನ ಎದುರು ಅಣಿಗೊಳಿಸುವ ಇಂದಿನ ವಿದ್ಯೆಯ ಕತೆಯನ್ನು ಬಹಳ ಮಂದಿ ಅಲ್ಲಿಂದಲೇ ಶುರು ಮಾಡುತ್ತಾರೆ. ಆಗ ಹೊಳೆದ ಉತ್ತರ ನೇರವಾಗಿತ್ತು: ದೊಡ್ಡ ಬಂದರುಗಳ ದಾರಿ ಬಿಟ್ಟು ಉಳಿದ ಅಳಿವೆಗಳನ್ನೆಲ್ಲ ಕಟ್ಟೆ ಹಾಕಿ ಮುಚ್ಚುವುದು. ಅದೇ 'ಡೆಲ್ಟಾ ವರ್ಕ್ಸ್'.

ಊಸ್ಟರ್‌ಸ್ಕೆಲ್ಡ್ ಅಳಿವೆಯ ಸರದಿ ಬಂದಾಗ ಮಾತ್ರ ಜನ ಎದ್ದು ನಿಂತರು. ಉಬ್ಬರವಿಳಿತ ನಿಂತರೆ ಉಪ್ಪುನೀರು ಹೋಗುತ್ತದೆ, ಚಿಪ್ಪಿನ ಕೃಷಿ ಸಾಯುತ್ತದೆ ಎಂದು ಮೀನುಗಾರರೂ ಪರಿಸರವಾದಿಗಳೂ ವಿರೋಧಿಸಿದರು. 1970ರ ದಶಕದಲ್ಲಿ ಸರ್ಕಾರ ನಕ್ಷೆ ಬದಲಿಸಿತು. 1986ರಲ್ಲಿ ಮುಗಿದ ತಡೆಗೋಡೆಯಲ್ಲಿ 62 ಉಕ್ಕಿನ ಬಾಗಿಲುಗಳಿವೆ. ಸದಾ ತೆರೆದಿರುವ ಅವು ಬಿರುಗಾಳಿ ಬಂದಾಗಷ್ಟೇ ಮುಚ್ಚುತ್ತವೆ. ಈ ಕ್ಷೇತ್ರದ ನಿಜವಾದ ತಿರುವು ಇದೇ ಎಂದು ನನ್ನ ನಂಬಿಕೆ. ನೀರಿನ ಜೊತೆ ಬದುಕಿದವರ ಮಾತಿಗೆ ಎಂಜಿನಿಯರರು ಮೊದಲ ಬಾರಿಗೆ ಅಷ್ಟು ದೊಡ್ಡ ಬೆಲೆ ತೆತ್ತರು.

ಹವಾಮಾನ ಬದಲಾವಣೆಯ ಲೆಕ್ಕ ಸೇರಿಕೊಂಡದ್ದು ಆಮೇಲೆ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 1990ರಲ್ಲಿ ಏರುವ ಕಡಲಿಗೆ ಮೂರು ದಾರಿಗಳನ್ನು ಗುರುತಿಸಿತು: ತಡೆಯುವುದು, ಹೊಂದಿಕೊಳ್ಳುವುದು, ಹಿಂದೆ ಸರಿಯುವುದು. ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಅದೇ 1990ರಲ್ಲಿ ಬಾಂಗ್ಲಾದೇಶದ ಖುಲ್ನಾ ಸೀಮೆಯ ಬಿಲ್ ಡಾಕಾತಿಯಾದಲ್ಲಿ ರೈತರು ಹಾರೆ ಗುದ್ದಲಿ ಹಿಡಿದು ಸರ್ಕಾರದ ಒಡ್ಡನ್ನು ತಾವೇ ಕಡಿದರು. 1960ರ ದಶಕದಲ್ಲಿ ಉಪ್ಪುನೀರು ತಡೆಯಲೆಂದು ಅಲ್ಲಿ ಉದ್ದಕ್ಕೂ ಒಡ್ಡು ಕಟ್ಟಲಾಗಿತ್ತು. ಮೊದಲ ವರ್ಷಗಳಲ್ಲಿ ಬೆಳೆ ಚೆನ್ನಾಗಿಯೇ ಬಂತು. ಆದರೆ ಉಬ್ಬರದ ನೀರು ಗದ್ದೆಗೆ ತಂದು ಹಾಕುತ್ತಿದ್ದ ಹೂಳು ಈಗ ನದಿಯಲ್ಲೇ ಉಳಿಯಿತು. ನದಿಯ ತಳ ಏರಿತು, ಒಡ್ಡಿನೊಳಗಿನ ನೆಲ ತಗ್ಗಾಗಿಯೇ ಉಳಿಯಿತು. ಮಳೆನೀರಿಗೆ ಹೊರದಾರಿ ಇಲ್ಲದೆ ಊರುಗಳು ವರ್ಷಗಟ್ಟಲೆ ಜೌಗಿನಲ್ಲಿ ಕೊಳೆತವು. ಒಡ್ಡು ಕಡಿದರೆ ಉಬ್ಬರ ಒಳಬಂದು ಹೂಳು ಬಿಟ್ಟುಹೋಗುತ್ತದೆ, ನೆಲ ಏರುತ್ತದೆ ಎಂಬುದು ರೈತರಿಗೆ ಅನುಭವದಿಂದ ಗೊತ್ತಿತ್ತು. ಅಪರಾಧವೆನಿಸಿದ್ದ ಈ ಕೆಲಸವನ್ನೇ ಮುಂದೆ ತಜ್ಞರು 'ಉಬ್ಬರದ ನದಿ ನಿರ್ವಹಣೆ' ಎಂದು ಕರೆದು ಒಪ್ಪಿಕೊಂಡರು. ನೆಲ ಏರುವ ಆ ಕೆಲವು ವರ್ಷ ಬೆಳೆ ಕಳೆದುಕೊಂಡವರಿಗೆ ಪರಿಹಾರ ತಲುಪಿಸುವಲ್ಲಿ ಮಾತ್ರ ಆ ಯೋಜನೆಗಳು ಮತ್ತೆ ಮತ್ತೆ ಎಡವಿವೆ.

ನೆದರ್ಲೆಂಡ್ಸ್ ಕೂಡ ಇದೇ ದಿಕ್ಕಿಗೆ ಹೊರಳಿತು. 1995ರಲ್ಲಿ ನದಿಗಳ ನೆರೆಯಿಂದ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾದ ಮೇಲೆ, ಒಡ್ಡು ಎತ್ತರಿಸುತ್ತ ಹೋಗುವ ಬದಲು ನದಿಗೇ ಜಾಗ ಬಿಡುವ ಯೋಜನೆ ಬಂತು. ಓವರ್‌ಡೀಪ್ಸೆ ಪೋಲ್ಡರ್‌ನ, ಅಂದರೆ ಒಡ್ಡು ಸುತ್ತುವರಿದ ತಗ್ಗು ನೆಲದ, ರೈತರು ನೆರೆಗೆ ನೆಲ ಬಿಡಲು ಒಪ್ಪಿ, ತಮ್ಮ ಮನೆ ಕೊಟ್ಟಿಗೆಗಳನ್ನು ಮಣ್ಣಿನ ದಿಬ್ಬಗಳ ಮೇಲೆ ಕಟ್ಟಿಕೊಳ್ಳುವ ನಕ್ಷೆಯನ್ನು ತಾವೇ ಮುಂದಿಟ್ಟರು. ಒಡ್ಡುಗಳು ಹುಟ್ಟುವ ಮುಂಚೆ ಆ ದೇಶದ ತಗ್ಗು ಪ್ರದೇಶದ ಜನ ಬದುಕಿದ್ದ ರೀತಿಯೇ ಅದು. 2011ರಲ್ಲಿ ಹೇಗ್ ನಗರದ ಬಳಿ ಎರಡು ಕೋಟಿಗೂ ಹೆಚ್ಚು ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದರು; ಅದನ್ನು ತೀರದುದ್ದಕ್ಕೂ ಹಂಚುವ ಕೆಲಸವನ್ನು ಅಲೆಗಳಿಗೇ ಬಿಟ್ಟರು.

ನಮ್ಮ ಕರಾವಳಿಗೆ ಬಂದರೆ ನೀರನ್ನು ತಡೆಯುವ ಕಾಲ, ನೀರಿಗೆ ಹೊಂದಿಕೊಳ್ಳುವ ಕಾಲ ಎರಡೂ ಒಟ್ಟಿಗೇ ಕಾಣುತ್ತವೆ. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತಕ್ಕೆ ಉತ್ತರವಾಗಿ ವರ್ಷಗಳಿಂದ ಬಂಡೆಗಲ್ಲು ಸುರಿಯುತ್ತಿದ್ದೇವೆ. ಕಲ್ಲಿಗೆ ಬಡಿದ ಅಲೆ ಅದರ ಬುಡದ ಮರಳನ್ನೂ ಪಕ್ಕದ ತೀರವನ್ನೂ ಕೊರೆಯುತ್ತದೆ. ದೋಣಿ ಎಳೆಯಲು, ಕೈರಂಪಣಿ ಬಲೆ ಎಳೆಯಲು ದಂಡೆಯೇ ಇಲ್ಲವಾಗುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದಲ್ಲಿ ಅಲೆಯನ್ನು ದೂರದಲ್ಲೇ ಮುರಿಯುವ ಕೃತಕ ದಿಬ್ಬಗಳ ಪ್ರಯತ್ನವೂ ನಡೆದಿದೆ.

ಇತ್ತ ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಹಳೆಯದೊಂದು ಜಾಣ್ಮೆ ಉಸಿರಾಡುತ್ತಿದೆ. ಮುಂಗಾರಿನ ಮಳೆ ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಉಪ್ಪನ್ನೂ ಮುಳುಗಡೆಯನ್ನೂ ತಡೆದುಕೊಳ್ಳುವ ಬತ್ತ ಅದು. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದು ಅಳಿವೆಯ ನೀರನ್ನು ಒಳಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಊಸ್ಟರ್‌ಸ್ಕೆಲ್ಡ್‌ನ ಬಾಗಿಲುಗಳಿಗೆ ಕೋಟಿ ಕೋಟಿ ಸುರಿದು ಕಲಿತ ಪಾಠ ಇಲ್ಲಿ ಮರದ ಹಲಗೆಯಲ್ಲಿತ್ತು. ಸಿಗಡಿಯ ಲಾಭಕ್ಕಾಗಿ ಕಗ್ಗದ ಗದ್ದೆಗಳು ಕುಗ್ಗಿರುವುದು ನನಗೆ ಬಂಡೆಗಲ್ಲಿನ ಲೆಕ್ಕಕ್ಕಿಂತ ಹೆಚ್ಚು ಆತಂಕದ ಸಂಗತಿ.

ಮೂರನೆಯ ದಾರಿ, ಹಿಂದೆ ಸರಿಯುವುದು, ಎಲ್ಲಕ್ಕಿಂತ ಕಡಿಮೆ ಕಲಿತದ್ದು. ಫಿಜಿಯ ವುನಿದೊಗೊಲೊವಾ ಗ್ರಾಮ 2014ರಲ್ಲಿ ಒಳನಾಡಿಗೆ ಹೋಯಿತು. ಒಡಿಶಾದ ಸಾತಭಾಯಾ ಊರನ್ನು ಕಡಲು ನುಂಗುತ್ತ ಬಂದಾಗ ಸರ್ಕಾರ ಜನರನ್ನು ಬಾಗಪಾಟಿಯಾಕ್ಕೆ ಸಾಗಿಸಿತು. ಮೀನುಗಾರ ಹೆಣ್ಣುಮಕ್ಕಳೇ ಪೂಜಿಸುವ ಪಂಚುಬರಾಹಿ ದೇವಿಯೂ 2018ರಲ್ಲಿ ಅವರ ಹಿಂದೆ ಬಂದಳು. ಮನೆ ಕಟ್ಟಲು ತುಸು ಜಾಗ, ಹಣ ಸಿಕ್ಕಿತು. ಉಳಲು ಹೊಲ ಸಿಗಲಿಲ್ಲ. ದುಡಿಯುವ ಗಂಡಸರಲ್ಲಿ ಹಲವರು ಕೂಲಿ ಹುಡುಕಿಕೊಂಡು ಕೇರಳಕ್ಕೆ ಹೋದರು.