ಡೀಸೆಲ್ ಪಂಪಿನ ನೂರು ವರ್ಷ: ಎಂಜಿನ್ ಬದಲಿಸುವವರಿಗೊಂದು ಸಮೀಕ್ಷೆ

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವವರಿದ್ದಾರೆ. ಕಂಪ್ಯೂಟರಿನ ಹಿಡಿತದಲ್ಲಿರುವ ಡೀಸೆಲ್ ಎಂಜಿನ್ನನ್ನು ಅದರಿಂದ ಬಿಡಿಸಿ ಹಳೆಯ ಮೆಕ್ಯಾನಿಕಲ್ ಪಂಪಿಗೆ ತರುವವರೂ ಇದ್ದಾರೆ. ಇಬ್ಬರೂ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಪಂಪು ಎಷ್ಟು ಡೀಸೆಲ್ ಕೊಡುತ್ತದೆ? ನನ್ನ ಪ್ರಕಾರ ಇದು ಎರಡನೆಯ ಪ್ರಶ್ನೆ. ಆ ಪಂಪಿನ ಬೆನ್ನಿಗಿರುವ, ಎಂಜಿನ್ನಿನ ವೇಗ ಕಾಯುವ ಗವರ್ನರ್ ಯಾವ ಕೆಲಸಕ್ಕೆಂದು ತಯಾರಾದದ್ದು ಎಂಬುದನ್ನು ಮೊದಲು ಕೇಳಬೇಕು. ಇಂಜೆಕ್ಷನ್ ಪಂಪಿನ ನೂರು ವರ್ಷದ ಚರಿತ್ರೆಯನ್ನು ಈ ಕಡೆಯಿಂದ ನೋಡಿದರೆ ಆಯ್ಕೆ ಬಹಳ ಸುಲಭವಾಗುತ್ತದೆ.

ಪಂಪು ಮಾಡುವ ಕೆಲಸ ಎಂಥದ್ದು ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಸುಮಾರು 60 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ 3000 ಆರ್‌ಪಿಎಂನಲ್ಲಿ ಪೂರ್ತಿ ಲೋಡಿನಲ್ಲಿ ಓಡುತ್ತಿದೆ ಎನ್ನಿ. ಪಂಪು ನಿಮಿಷಕ್ಕೆ 6000 ಸಲ ಡೀಸೆಲ್ ಚಿಮ್ಮಿಸಬೇಕು. ಪ್ರತಿ ಸಲ ಹೋಗುವುದು ಸುಮಾರು 36 ಘನ ಮಿಲಿಮೀಟರ್, ಒಂದು ನೀರಿನ ಹನಿಗಿಂತಲೂ ಕಡಿಮೆ. ಅದಕ್ಕೆ ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಅಷ್ಟೆ. ಈ ಅಳತೆ ನಾಲ್ಕೂ ಸಿಲಿಂಡರಿಗೆ ಸಮನಾಗಿರಬೇಕು. ಗಾಡಿ ನಿಂತು ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಇದರ ಒಂದು ಸಣ್ಣ ಭಾಗವನ್ನು ಅಷ್ಟೇ ಕರಾರುವಾಕ್ಕಾಗಿ ಕೊಡಬೇಕು.

ಇನ್ನೊಂದು ಮಾತು. ಪೆಟ್ರೋಲ್ ಎಂಜಿನ್ನಿಗೆ ಗಾಳಿಯನ್ನು ಅದುಮಿ ಹಿಡಿಯುವ ಥ್ರಾಟಲ್ ಇರುತ್ತದೆ. ಡೀಸೆಲ್ ಎಂಜಿನ್ನಿಗೆ ಗಾಳಿ ಸದಾ ಧಾರಾಳ; ಎಣ್ಣೆ ಕೊಟ್ಟಷ್ಟೂ ಅದರ ವೇಗ ಏರುತ್ತದೆ. ಲೋಡ್ ಇಲ್ಲದಾಗ ಎಣ್ಣೆಯನ್ನು ತಡೆಯುವವರಿಲ್ಲದಿದ್ದರೆ ಎಂಜಿನ್ ತನ್ನನ್ನು ತಾನೇ ಒಡೆದುಕೊಳ್ಳುವವರೆಗೆ ರೇಸ್ ಆಗುತ್ತದೆ. ಹಾಗಾಗಿ ಗವರ್ನರ್ ಇಲ್ಲದ ಡೀಸೆಲ್ ಪಂಪು ಇಲ್ಲ.

ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಈಗಿನ ಅರ್ಥದ ಪಂಪು ಇರಲಿಲ್ಲ. ಕಂಪ್ರೆಸರಿನಿಂದ ಬಂದ, ಸಿಲಿಂಡರಿನ ಒತ್ತಡಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡದ ಗಾಳಿ ಎಣ್ಣೆಯನ್ನು ಒಳಕ್ಕೆ ಊದುತ್ತಿತ್ತು. ಆ ಕಂಪ್ರೆಸರಿನ ಗಾತ್ರ, ತೂಕಗಳಿಂದಾಗಿ ಡೀಸೆಲ್ ಎಂಜಿನ್ ಬಹುಕಾಲ ಕಾರ್ಖಾನೆ ಮತ್ತು ಹಡಗುಗಳಲ್ಲೇ ಉಳಿಯಿತು. 1910ರಲ್ಲಿ ಬ್ರಿಟನ್ನಿನ ವಿಕರ್ಸ್ ಕಂಪನಿಯ ಜೇಮ್ಸ್ ಮೆಕೆಕ್ನಿ ಗಾಳಿಯ ನೆರವಿಲ್ಲದೆ ಬರೀ ಎಣ್ಣೆಯನ್ನೇ ಒತ್ತಿ ಚಿಮ್ಮಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಜರ್ಮನಿಯ ಬೆಂಜ್ ಕಂಪನಿಯಲ್ಲಿ ಪ್ರಾಸ್ಪರ್ ಲೋರಾಂಜ್, ಎಣ್ಣೆ ಮೊದಲು ಹೊತ್ತಿಕೊಳ್ಳುವ ಸಣ್ಣ ಕೋಣೆಯಾದ ಪ್ರೀ-ಚೇಂಬರನ್ನು ರೂಪಿಸಿದರು. 1924ರ ಹೊತ್ತಿಗೆ ಡೀಸೆಲ್ ಲಾರಿಗಳು ಕಾಣಿಸಿಕೊಂಡವು. ಆದರೆ ಪ್ರತಿ ಎಂಜಿನ್ ಕಂಪನಿಯೂ ತನ್ನ ಪಂಪನ್ನು ತಾನೇ ಕೆತ್ತಿಕೊಳ್ಳಬೇಕಿತ್ತು. ಒಂದರ ಪಂಪು ಇನ್ನೊಂದಕ್ಕೆ ಕೂರುವ ಮಾತೇ ಇರಲಿಲ್ಲ.

ಅದನ್ನು ಬದಲಿಸಿದವರು ರಾಬರ್ಟ್ ಬಾಷ್. ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಕೊಡುವ ಮ್ಯಾಗ್ನೆಟೋ ಮಾರಿ ಹೆಸರು ಮಾಡಿದ್ದ ಕಂಪನಿ, ಸ್ಪಾರ್ಕೇ ಬೇಡದ ಎಂಜಿನ್ನಿಗೆ ಪಂಪು ಮಾಡುತ್ತೇನೆಂದು 1922ರ ಕೊನೆಯಲ್ಲಿ ತೀರ್ಮಾನಿಸಿತು. 1927ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಪಂಪುಗಳ ತಯಾರಿಕೆ ಶುರುವಾಯಿತು. 1936ರ ಮರ್ಸಿಡಿಸ್ 260-ಡಿ ಕಾರಿನಲ್ಲಿ ಇದ್ದದ್ದೂ ಬಾಷ್ ಪಂಪೇ. ಎಂಜಿನ್ ಬದಲಾವಣೆ ಎಂಬ ಕಸುಬು ಸಾಧ್ಯವಾದದ್ದು ಇಲ್ಲಿಂದ. ಪಂಪು ಎಂಜಿನ್ನಿನ ಅಂಗವಾಗಿರುವುದು ಬಿಟ್ಟು, ಬಿಚ್ಚಿ ಮೇಜಿನ ಮೇಲಿಟ್ಟು ರಿಪೇರಿ ಮಾಡಬಲ್ಲ ಬೇರೆಯೇ ಸಾಮಾನಾಯಿತು.

ಈ ಇನ್‌ಲೈನ್ ಪಂಪಿನ ಒಳಗನ್ನು ಒಮ್ಮೆಯಾದರೂ ನೋಡಬೇಕು. ಸಿಲಿಂಡರಿಗೊಂದರಂತೆ ಸಾಲಾಗಿ ನಿಂತ ಎಲಿಮೆಂಟುಗಳು; ಎಲಿಮೆಂಟ್ ಎಂದರೆ ಒಂದು ಪ್ಲಂಜರ್, ಅದು ಓಡಾಡುವ ಒಂದು ಬ್ಯಾರಲ್. ಇವೆರಡರ ನಡುವಿನ ಸಂದು ಕೆಲವೇ ಮೈಕ್ರಾನ್. ಸೀಲ್, ರಿಂಗ್ ಏನೂ ಇಲ್ಲ, ಉಕ್ಕಿಗೆ ಉಕ್ಕೇ ತಡೆ. ಜೋಡಿಯಾಗಿ ಉಜ್ಜಿ ಹೊಂದಿಸಿದ್ದರಿಂದ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರಲಿಗೆ ಹಾಕುವಂತಿಲ್ಲ. ಪ್ಲಂಜರ್ ಪ್ರತಿ ಸಲವೂ ಒಂದೇ ಎತ್ತರಕ್ಕೆ ಏರುತ್ತದೆ. ಎಣ್ಣೆ ಹೆಚ್ಚು ಕಡಿಮೆಯಾಗುವುದು ಅದರ ಮೈಮೇಲೆ ಓರೆಯಾಗಿ ಕೊರೆದ ತೋಡಿನಿಂದ. ಪ್ಲಂಜರನ್ನು ತುಸು ತಿರುಗಿಸಿದರೆ ಆ ಓರೆ ತೋಡು ಬ್ಯಾರಲಿನ ತೂತನ್ನು ಬೇಗ ಅಥವಾ ತಡವಾಗಿ ಸಂಧಿಸುತ್ತದೆ; ಸಂಧಿಸಿದ ಕ್ಷಣ ಒತ್ತಡ ಇಳಿದು ಎಣ್ಣೆ ಹಿಂದಕ್ಕೆ ಸೋರಿಹೋಗುತ್ತದೆ. ಎಲ್ಲ ಪ್ಲಂಜರುಗಳನ್ನೂ ಒಟ್ಟಿಗೆ ತಿರುಗಿಸುವ ಸರಳೇ ರ್‍ಯಾಕ್. ರ್‍ಯಾಕ್ ಹಿಡಿದು ಎಳೆಯುವ, ತಳ್ಳುವ ಕೈ ಗವರ್ನರಿನದು.

ಗವರ್ನರುಗಳು ಮುಖ್ಯವಾಗಿ ಎರಡು ಜಾತಿ. ಬಾಷ್‌ನ ಆರ್‌ಕ್ಯೂ ಮಾದರಿ ಐಡ್ಲಿಂಗನ್ನೂ ಗರಿಷ್ಠ ವೇಗವನ್ನೂ ಮಾತ್ರ ಕಾಯುತ್ತದೆ. ನಡುವಿನದೆಲ್ಲ ಚಾಲಕನ ಕಾಲಿಗೆ ಬಿಟ್ಟದ್ದು. ರಸ್ತೆಯ ಲಾರಿಗೆ ಇದು ಸರಿ. ಆರ್‌ಎಸ್‌ವಿ, ಆರ್‌ಕ್ಯೂವಿ ಮಾದರಿಗಳು ಎಲ್ಲ ವೇಗದಲ್ಲೂ ಕೆಲಸ ಮಾಡುತ್ತವೆ: ಲಿವರ್ ಎಲ್ಲಿಟ್ಟರೆ ಆ ವೇಗವನ್ನು ಲೋಡ್ ಏರಲಿ ಇಳಿಯಲಿ ಹಿಡಿದಿಡುತ್ತವೆ. ಟ್ರ್ಯಾಕ್ಟರಿನ ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಿದಾಗ ಎಂಜಿನ್ ತಾನಾಗಿಯೇ ಎಣ್ಣೆ ಹೆಚ್ಚಿಸಿಕೊಳ್ಳುವುದು ಇದರಿಂದಲೇ. ಜನರೇಟರಿನದು ಇನ್ನೂ ಬಿಗಿ. 50 ಹರ್ಟ್ಸ್ ಬೇಕೆಂದರೆ 1500 ಆರ್‌ಪಿಎಂ ಅಲುಗಬಾರದು. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಜನರೇಟರ್ ಪಂಪನ್ನು ಜೀಪಿಗೆ ಹಾಕಿದರೆ ಏನಾಗುತ್ತದೆ ನೋಡಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಗವರ್ನರ್ ಅದನ್ನು ಹೊಸ ವೇಗದ ಆಜ್ಞೆ ಎಂದುಕೊಂಡು ರ್‍ಯಾಕನ್ನು ಪೂರ್ತಿ ತಳ್ಳುತ್ತದೆ. ಗಾಡಿ ಜಿಗಿಯುತ್ತದೆ, ಕರೀ ಹೊಗೆ ಉಗುಳುತ್ತದೆ. ಕಾಲು ಸಡಿಲಿಸಿದರೆ ಮುಗ್ಗರಿಸುತ್ತದೆ. ಮೇಲಾಗಿ 1500 ದಾಟುತ್ತಿದ್ದಂತೆ ಎಣ್ಣೆ ಕಟ್. ಪಂಪು ಕೆಟ್ಟಿದೆ ಎಂದು ನಾಲ್ಕು ಸಲ ಬಿಚ್ಚಿ ಜೋಡಿಸಿದರೂ ಇದು ಸರಿಹೋಗದು, ಏಕೆಂದರೆ ಕೆಟ್ಟಿರುವುದು ಏನೂ ಇಲ್ಲ.

ಪಂಪು ಎಂಥದ್ದೆಂಬುದು ಅದರ ಮೈಮೇಲಿನ ತಗಡಿನಲ್ಲೇ ಬರೆದಿರುತ್ತದೆ. ಪಿಇಎಸ್6ಪಿ120ಎ ಎಂದಿದ್ದರೆ ಆರು ಸಿಲಿಂಡರು, ಪಿ ಗಾತ್ರ, 12 ಮಿ.ಮೀ. ಪ್ಲಂಜರ್. ವಿಇ6/12ಎಫ್1250ಆರ್ ಎಂದಿದ್ದರೆ ಆರು ಸಿಲಿಂಡರಿನ ರೋಟರಿ ಪಂಪು (ಇದರ ಕತೆ ಮುಂದೆ ಬರುತ್ತದೆ), 12 ಮಿ.ಮೀ. ಪ್ಲಂಜರ್, 1250 ಪಂಪ್ ಆರ್‌ಪಿಎಂ, ಬಲಕ್ಕೆ ತಿರುಗುವಂಥದ್ದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ 1250 ಎಂದರೆ ಎಂಜಿನ್ನಿನ 2500. ದುಡ್ಡು ಕೊಡುವ ಮೊದಲು ತಗಡು ಒರೆಸಿ ಓದಿಕೊಳ್ಳಿ. ತಗಡೇ ಇಲ್ಲದ ಪಂಪನ್ನು ನಾನಂತೂ ಕೊಳ್ಳಲು ಹೇಳುವುದಿಲ್ಲ.

ಪೆಟ್ರೋಲ್ ಲಾರಿಗೆ ಡೀಸೆಲ್ ಎಂಜಿನ್ ಹಾಕುವುದನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ಪೀಟರ್‌ಬರೋದ ಪರ್ಕಿನ್ಸ್. 1937ರ ಅವರ ಪಿ6 ಎಂಜಿನ್ ಎಷ್ಟೋ ಪೆಟ್ರೋಲ್ ಲಾರಿಗಳ ಬಾನೆಟ್ಟಿನ ಕೆಳಗೆ ಸೇರಿತು. ನಮ್ಮಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ತಯಾರಿಸಿತು. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಿದ್ದ ದಶಕಗಳಲ್ಲಿ ಜೀಪು, ಅಂಬಾಸಡರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಊರೂರ ಗ್ಯಾರೇಜಿನ ಕೆಲಸವಾಯಿತು. ಅದಕ್ಕೆ ಬೆನ್ನೆಲುಬಾಗಿದ್ದು ಬೆಂಗಳೂರು. 1951ರಲ್ಲಿ ಬಾಷ್‌ನ ಸಹಯೋಗದಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಮೈಕೋ, ಆಡುಗೋಡಿಯಲ್ಲಿ ಪಂಪು, ಎಲಿಮೆಂಟ್, ನಾಜಲ್‌ಗಳನ್ನು ತಯಾರಿಸಿತು. ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ಗ್ಯಾರೇಜುಗಳಲ್ಲಿ ಅದು ಇಂದಿಗೂ ಮೈಕೋ ಪಂಪೇ. ಹಳೆಯ ಇನ್‌ಲೈನ್ ಪಂಪುಗಳ ಸಾಮಾನು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಿದ್ದುದು ಈ ಕಾರಣಕ್ಕೆ.

ಇನ್‌ಲೈನ್ ಪಂಪು ಭಾರ, ದುಬಾರಿ. ಸಣ್ಣ ಎಂಜಿನ್ನಿಗೆ ಅಗ್ಗದ ಪಂಪು ಬೇಕೆಂದಾಗ ಬಂದದ್ದು ರೋಟರಿ. ಅಮೆರಿಕದ ವರ್ನನ್ ರೂಸಾ ರೂಪಿಸಿದ ಪಂಪು 1952ರಲ್ಲಿ ಮಾರುಕಟ್ಟೆಗೆ ಬಂತು. ಎಲ್ಲ ಸಿಲಿಂಡರಿಗೂ ಒಂದೇ ಕಡೆ ಒತ್ತಡ ಎಬ್ಬಿಸಿ, ತಿರುಗುವ ರೋಟರಿನ ಮೂಲಕ ಸರದಿಯಂತೆ ಹಂಚುವುದು ಅದರ ಯುಕ್ತಿ. ಬ್ರಿಟನ್ನಿನ ಸಿಎವಿ ಕಂಪನಿಯ ಡಿಪಿಎ ಪಂಪು ಅದೇ ವಂಶದ್ದು. ಟ್ರ್ಯಾಕ್ಟರ್ ಇಟ್ಟವರಿಗೆಲ್ಲ ಅದರ ಪರಿಚಯವಿದೆ. 1970ರ ದಶಕದ ಮಧ್ಯದಲ್ಲಿ ಬಾಷ್‌ನ ವಿಇ ಬಂದ ಮೇಲೆ ಸಣ್ಣ ಡೀಸೆಲ್ ಕಾರುಗಳ ಕಾಲ ಶುರುವಾಯಿತು. ವಿಇಯಲ್ಲಿ ಒಂದೇ ಪ್ಲಂಜರ್ ತಿರುಗುತ್ತಲೂ ಮುಂದೆ ಹಿಂದೆ ಓಡಾಡುತ್ತಲೂ ಇರುತ್ತದೆ. ವೇಗ ಏರಿದಂತೆ ಒಳಗಿನ ಒತ್ತಡವೂ ಏರಿ, ಟೈಮಿಂಗನ್ನು ತಾನೇ ಮುಂದಕ್ಕೆ ಸರಿಸಿಕೊಳ್ಳುತ್ತದೆ.

ಜಾಗ ಕಡಿಮೆ ಇರುವ ಬದಲಾವಣೆಗೆ ವಿಇಯಷ್ಟು ಹೊಂದಿಕೊಳ್ಳುವ ಪಂಪು ಇನ್ನೊಂದಿಲ್ಲ. ಆದರೆ ಅದರ ಎಲ್ಲ ಭಾಗಕ್ಕೂ ಡೀಸೆಲ್ಲೇ ಗ್ರೀಸು. ಡೀಸೆಲಿನಲ್ಲಿ ನೀರು ಬಂದರೆ, ಏರ್ ಹಿಡಿದು ಒಣಗಿ ತಿರುಗಿದರೆ ಒಳಗೆಲ್ಲ ಗೀರು ಬೀಳುತ್ತದೆ. ಇನ್‌ಲೈನ್ ಪಂಪಿನ ಕ್ಯಾಮ್, ಗವರ್ನರುಗಳು ಎಂಜಿನ್ ಆಯಿಲಿನಲ್ಲಿ ಮೀಯುವುದರಿಂದ ಅದರ ತಾಳಿಕೆ ಹೆಚ್ಚು. ಡೀಸೆಲಿನ ಶುದ್ಧಿ ನಂಬುವಂತಿಲ್ಲದ ಕಡೆ, ಜಾಗವಿದ್ದರೆ, ನನ್ನ ಓಟು ಇನ್‌ಲೈನಿಗೆ. ಕಮಿನ್ಸ್‌ನ ಪಿಟಿ, ಅಮೆರಿಕದ ಡೆಟ್ರಾಯ್ಟ್ ಎಂಜಿನ್ನಿನ ಯೂನಿಟ್ ಇಂಜೆಕ್ಟರುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಅವುಗಳಲ್ಲಿ ಒತ್ತಡ ಹುಟ್ಟುವುದು ಸಿಲಿಂಡರ್ ಹೆಡ್ಡಿನಲ್ಲೇ ಆದ್ದರಿಂದ ಬೇರೆ ಎಂಜಿನ್ನಿಗೆ ಕಿತ್ತು ಹಾಕಲು ಬರುವುದಿಲ್ಲ.

ಒತ್ತಡದ ವಿಷಯದಲ್ಲಿ ಗೊಂದಲ ಬೇಡ. ಪ್ರೀ-ಚೇಂಬರ್ ಇರುವ ಎಂಜಿನ್ನಿನ ನಾಜಲ್ ಸುಮಾರು 115ರಿಂದ 150 ಬಾರ್‌ಗೆ ತೆರೆದುಕೊಳ್ಳುತ್ತದೆ. ಎಣ್ಣೆಯನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ನಿನ ತೂತುಗಳ ನಾಜಲ್ ತೆರೆಯಲು ಅದಕ್ಕಿಂತ ಬಹಳ ಹೆಚ್ಚು ಒತ್ತಡ ಬೇಕು. ಪೂರ್ತಿ ಲೋಡಿನಲ್ಲಿ ಪಂಪು ನೂರಾರು ಬಾರ್ ದಾಟಬೇಕು. ಸಣ್ಣ ಎಂ ಗಾತ್ರದ ಪಂಪಿಗೆ ಅದು ಆಗದು. ಎ ಗಾತ್ರದ್ದು ಹಳೆಯ ಡೈರೆಕ್ಟ್ ಎಂಜಿನ್ನುಗಳಿಗೆ ಸಾಕಾಗುತ್ತಿತ್ತು. ಪಿ ಗಾತ್ರದ್ದು ಸಾವಿರ ಬಾರ್ ಮೀರಬಲ್ಲದು.

1986ರಿಂದ ಪಂಪಿಗೆ ಎಲೆಕ್ಟ್ರಾನಿಕ್ ಹಿಡಿತ ಬಂತು, 1997ರಲ್ಲಿ ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಎಣ್ಣೆ ಹೋಗುವ ಕಾಮನ್ ರೈಲ್ ಇದ್ದ ಆಲ್ಫಾ ರೋಮಿಯೋ ಕಾರು ಬಂತು. ಹೊಗೆ, ಸದ್ದು ಎರಡೂ ಇಳಿದವು. ಮೆಕ್ಯಾನಿಕಲ್ ಪಂಪಿಗೆ ಮರಳುವ ಈಗಿನ ಒಲವು ಹುಟ್ಟಿದ್ದು ಇದಾದ ಮೇಲೆ. ಅಮೆರಿಕದ ಡಾಡ್ಜ್ ಪಿಕಪ್‌ಗಳಲ್ಲಿದ್ದ 5.9 ಲೀಟರಿನ ಕಮಿನ್ಸ್ ಎಂಜಿನ್ನಿಗೆ 1989ರಿಂದ 93ರವರೆಗೆ ವಿಇ, 1994ರಿಂದ 98ರವರೆಗೆ ಇನ್‌ಲೈನ್ ಪಿ-7100, ಆಮೇಲೆ ಎಲೆಕ್ಟ್ರಾನಿಕ್ ವಿಪಿ-44 ಇತ್ತು. ವಿಪಿ-44 ಕೆಟ್ಟಾಗ ಹಲವರು ಮುಂಬದಿಯ ಗೇರ್ ಪೆಟ್ಟಿಗೆ, ಪೈಪುಗಳನ್ನೆಲ್ಲ ಬದಲಿಸಿ ಪಿ-7100 ಕೂರಿಸುತ್ತಾರೆ. ಅಲ್ಲೂ ಅವರು ಮೊದಲು ಕೈಹಾಕುವುದು ಗವರ್ನರಿನ ಸ್ಪ್ರಿಂಗಿಗೆ, ಏಕೆಂದರೆ ಲಾರಿಗೆಂದು ಹೊಂದಿಸಿದ ಗವರ್ನರ್ 2500ರ ಆಸುಪಾಸಿನಲ್ಲೇ ಎಣ್ಣೆ ಹಿಡಿಯುತ್ತದೆ. ಸ್ವೀಡನ್, ಫಿನ್ಲೆಂಡುಗಳಲ್ಲಿ ಮರ್ಸಿಡಿಸ್‌ನ ಒಎಂ-606 ಎಂಜಿನ್ನಿಗೆ ಅದರ ಹಿಂದಿನ ಒಎಂ-603ರ ಮೆಕ್ಯಾನಿಕಲ್ ಪಂಪು ಹಾಕಿ, 6 ಮಿ.ಮೀ. ಎಲಿಮೆಂಟಿನ ಬದಲು 7.5 ಮಿ.ಮೀ.ನದು ತೊಡಿಸುತ್ತಾರೆ. ಪ್ಲಂಜರಿನ ಕ್ಷೇತ್ರ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಆದರೆ ರ್‍ಯಾಕ್ ಅಷ್ಟೇ ಸರಿದರೂ ಎಣ್ಣೆ ಒಂದೂವರೆ ಪಟ್ಟು ಹೋಗುವುದರಿಂದ ಹಳೆಯ ಗವರ್ನರಿಗೆ ಐಡ್ಲಿಂಗ್ ಹಿಡಿಯುವುದು ಕಷ್ಟ. ಎಂಜಿನ್ ಏರಿಳಿಯುತ್ತಾ ತೊನೆಯುತ್ತದೆ. ಎಲಿಮೆಂಟಿಗೆ ಖರ್ಚು ಮಾಡಿ ಗವರ್ನರನ್ನು ಹಾಗೆಯೇ ಬಿಟ್ಟವರಿಗೆ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಇದರ ಅನುಭವವಾಗುತ್ತದೆ.

ಟರ್ಬೋ ಎಂಜಿನ್ನಾದರೆ ಇನ್ನೊಂದು ಅಂಗ ಬೇಕು: ಟರ್ಬೋದ ಒತ್ತಡ ಏರುವವರೆಗೆ ಎಣ್ಣೆಯನ್ನು ತಡೆಹಿಡಿಯುವ ಡಯಾಫ್ರಮ್. ಅದಿಲ್ಲದ ಪಂಪಿನ ಗಾಡಿ ಹೊರಡುವಾಗಲೆಲ್ಲ ಹೊಗೆ ಕಾರುತ್ತದೆ. ನಮ್ಮಲ್ಲಿ ಎಂಜಿನ್ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಅನುಮತಿ ಬೇಕು, ಹೊಗೆಯ ತಪಾಸಣೆಯೂ ಇದೆ.

ಪಂಪು ಆರಿಸಿದ ಮೇಲೆ ಅದನ್ನು ಟೆಸ್ಟ್ ಬೆಂಚಿಗೆ ಕಳಿಸದೆ ಎಂಜಿನ್ನಿಗೆ ಹಾಕಬೇಡಿ. ಬೆಂಚಿನಲ್ಲಿ ಮೋಟರು ಪಂಪನ್ನು ತಿರುಗಿಸುತ್ತದೆ, ಪ್ರತಿ ಲೈನಿನ ಎಣ್ಣೆಯೂ ಗೆರೆ ಹಾಕಿದ ಗಾಜಿನ ನಳಿಗೆಗೆ ಬೀಳುತ್ತದೆ. ನಳಿಗೆಗಳ ಮಟ್ಟ ಸಾಲಾಗಿ ಸಮನಾಗಿ ನಿಂತರೆ ಕ್ಯಾಲಿಬ್ರೇಷನ್ ಸರಿ. ಗವರ್ನರ್ ಯಾವ ವೇಗದಲ್ಲಿ ಎಣ್ಣೆ ಕಟ್ ಮಾಡುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಊರಿನ ಬೆಂಚಿನವರ ಹತ್ತಿರ ಯಾವ ಪಂಪಿನ ಟೆಸ್ಟ್ ಪ್ಲಾನ್ ಇದೆಯೋ, ಯಾವುದರ ಸಾಮಾನು ಸಿಗುತ್ತದೋ ಆ ಪಂಪು, ಕಾಗದದ ಮೇಲೆ ಅದಕ್ಕಿಂತ ಉತ್ತಮವಾದ ಇನ್ನೊಂದಕ್ಕಿಂತ ಮೇಲು. ಇನ್‌ಲೈನ್ ಪಂಪನ್ನು ಎಂಜಿನ್ನಿಗೆ ಕೂರಿಸುವಾಗ ಒಂದನೇ ಲೈನಿನ ಡೆಲಿವರಿ ವಾಲ್ವ್ ತೆಗೆದು, ಬಾಗಿದ ಸಣ್ಣ ಪೈಪು ಹಾಕಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾರೆ. ಸುರಿಯುವ ಎಣ್ಣೆ ತೊಟ್ಟಿಕ್ಕುವ ಹಂತಕ್ಕೆ ಬಂದಲ್ಲಿ ಫ್ಲೈವೀಲಿನ ಗುರುತು ನೋಡಿ ಟೈಮಿಂಗ್ ಕಟ್ಟುತ್ತಾರೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ರ್‍ಯಾಕ್ ಅಂಟಿಕೊಂಡಿದ್ದರೆ ಸ್ಟಾಪ್ ನಾಬ್ ಎಳೆದರೂ ಎಂಜಿನ್ ನಿಲ್ಲುವುದಿಲ್ಲ. ಆಗ ಉಳಿಯುವ ದಾರಿ ಗಾಳಿ ತಡೆಯುವುದೊಂದೇ. ಆದ್ದರಿಂದ ಏರ್ ಫಿಲ್ಟರಿನ ಕೊಳವೆ ಬಿಚ್ಚಿಟ್ಟು, ಗಾಳಿಯ ಬಾಯಿಯನ್ನು ಪೂರ್ತಿ ಮುಚ್ಚುವಂಥ ದಪ್ಪ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲೇ ನಿಂತಿರಬೇಕು. ಬರಿಗೈಯಿಂದ ಮುಚ್ಚಲು ಹೋಗಬಾರದು.